ಹಂಪಿಯಲ್ಲಿ ಹಾಳಾಗದೆ ಉಳಿದದ್ದನ್ನೂ ಮಕ್ಕಳಿಗೆ ತೋರಿಸಿ

ಹಂಪಿಗೆ ಹೋಗಿಬಂದ ಮಕ್ಕಳನ್ನು ‘ಏನೇನು ನೋಡಿದ್ರಿ?’ ಅಂತ ಒಮ್ಮೆ ಕೇಳಿ ನೋಡಿ. ಕಲ್ಲಿನ ರಥ, ಉಗ್ರ ನರಸಿಂಹ, ಕಮಲ ಮಹಲು, ಆನೆ ಲಾಯ... ಪಟ್ಟಿ ಪಟಪಟ ಅಂತ ಬರುತ್ತದೆ. ‘ಆಮೇಲೆ ಏನಾಯ್ತು?’ ಅಂದರೆ, ‘ಎಲ್ಲ ಒಡೆದು ಹಾಕಿದ್ರು’ ಅನ್ನುತ್ತಾರೆ. ಅಲ್ಲಿಗೆ ಕಥೆ ಮುಗಿಯಿತು. 1336ಕ್ಕೆ ಶುರು, 1565ಕ್ಕೆ ಮುಕ್ತಾಯ. ನಾವು ದೊಡ್ಡವರೂ ಇದಕ್ಕಿಂತ ಹೆಚ್ಚೇನೂ ಹೇಳುವುದಿಲ್ಲ ಬಿಡಿ. ‘ಹಾಳು ಹಂಪಿ’ ಅನ್ನುವ ಮಾತು ನಮ್ಮ ನಾಲಿಗೆಯ ತುದಿಯಲ್ಲೇ ಇರುತ್ತದೆ.

ನನ್ನ ತಕರಾರು ಇರುವುದು ಇಲ್ಲೇ. ವಿಜಯನಗರದವರು ಕಟ್ಟಿದ್ದರಲ್ಲಿ ಬಹಳ ದೊಡ್ಡದೊಂದು ಇನ್ನೂ ಹಾಳಾಗಿಲ್ಲ, ಇವತ್ತೂ ಕೆಲಸ ಮಾಡುತ್ತಿದೆ. ಅದನ್ನು ನಾವು ಮಕ್ಕಳಿಗೆ ತೋರಿಸುವುದಿಲ್ಲ. ಹಾಗೆಯೇ, ಪಕ್ಕದಲ್ಲೇ ನಮ್ಮ ಕಾಲದಲ್ಲಿ, ನಮ್ಮ ಕಣ್ಣೆದುರಿಗೆ ಹಾಳಾಗಿರುವುದೂ ಒಂದಿದೆ. ಅದನ್ನಂತೂ ತೋರಿಸುವುದೇ ಇಲ್ಲ.

ಈ ಯೋಚನೆ ಬಂದದ್ದಕ್ಕೆ ಕಾರಣ ನನ್ನ ಮೊಮ್ಮಗಳು. ನಾನು ಬ್ಯಾಂಕಿನಿಂದ ನಿವೃತ್ತನಾದ ಮೇಲೂ ಆಡಿಟ್ ಕೆಲಸ ಅಂತ ಊರೂರು ಸುತ್ತುವವನು. ದಸರಾ ರಜೆಯ ಹೊತ್ತಿಗೆ ಹೊಸಪೇಟೆಯಲ್ಲಿ ನಾಲ್ಕು ದಿನ ಲೆಕ್ಕಪತ್ರ ನೋಡುವುದಿತ್ತು. ಮಗ ಸೊಸೆ ಇಬ್ಬರಿಗೂ ರಜೆ ಇಲ್ಲ. ನಮ್ಮ ಮನೆಯವರು ‘ನಿಮ್ಮ ಕೆಲಸ ಮುಗಿಯುವ ದಿನಕ್ಕೆ ಪುಟ್ಟಿಯನ್ನ ಕರ್ಕೊಂಡು ಬಂದ್ಬಿಡ್ತೀನಿ’ ಅಂದರು. ಅಂತೆಯೇ ಬೆಂಗಳೂರಿಂದ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಅಜ್ಜಿ ಮೊಮ್ಮಗಳು ಬೆಳಿಗ್ಗೆ ಬಂದಿಳಿದರು. ಕೈಯಲ್ಲಿದ್ದದ್ದು ಎರಡು ದಿನ. ಮಗುವಿಗೆ ಒಂಬತ್ತು ವರ್ಷ, ಪ್ರಶ್ನೆಗಳು ಮಾತ್ರ ತೊಂಬತ್ತು.

ಮೊದಲ ದಿನ ಎಲ್ಲರಂತೆ ಹಂಪಿ. ವಿಠ್ಠಲ ದೇವಸ್ಥಾನದ ಹತ್ತಿರದ ಬ್ಯಾಟರಿ ಗಾಡಿಗಳನ್ನು ಹೆಣ್ಣುಮಕ್ಕಳೇ ಓಡಿಸುವುದು ಅವಳಿಗೆ ರಥಕ್ಕಿಂತ ಹೆಚ್ಚು ಹಿಡಿಸಿತು! ನಮ್ಮ ಪಕ್ಕದಲ್ಲಿ ಒಬ್ಬ ಗೈಡು ದೊಡ್ಡ ಗುಂಪಿಗೆ ಹೇಳುತ್ತಿದ್ದ: ಇಲ್ಲಿ ಚಿನ್ನ ಬೆಳ್ಳಿ ಅಳೆದು ಮಾರುತ್ತಿದ್ದರು, ಇಲ್ಲಿ ಬೆಂಕಿ ಹಚ್ಚಿದರು, ಇಲ್ಲಿ ಕೈ ಮುರಿದರು, ಇಲ್ಲಿ ಮೂಗು ಮುರಿದರು. ಅವನದೇನೂ ತಪ್ಪಿಲ್ಲ, ಕೇಳುವವರಿಗೆ ಬೇಕಾದದ್ದೂ ಅದೇ. ಪುಟ್ಟಿ ಮಾತ್ರ ಪ್ರತಿ ಕಡೆ ನನ್ನ ಅಂಗಿ ಜಗ್ಗಿ ಒಂದೇ ಪ್ರಶ್ನೆ ಕೇಳುತ್ತಿದ್ದಳು, ‘ತಾತ, ಇದನ್ನ ಯಾರು ಒಡೆದ್ರು?’ ಯುದ್ಧ, ಸುಲ್ತಾನರ ಸೇನೆ, ಆಮೇಲೆ ನಿಧಿ ಹುಡುಕುವವರು ಅಂತ ನನಗೆ ಗೊತ್ತಿದ್ದಷ್ಟು ಹೇಳಿದೆ. ಮಧ್ಯಾಹ್ನದ ಹೊತ್ತಿಗೆ ಅವಳ ಮುಖ ಸಪ್ಪಗಾಗಿತ್ತು.

ಮುಖ ಮತ್ತೆ ಅರಳಿದ್ದು ಅರಮನೆ ಆವರಣದಲ್ಲಿ, ಮೆಟ್ಟಿಲು ಪುಷ್ಕರಣಿಯ ಹತ್ತಿರ. ಆ ಪುಷ್ಕರಣಿಯ ಕಲ್ಲುಗಳ ಮೇಲೆ ಗುರುತುಗಳಿವೆ: ಯಾವ ಕಲ್ಲು ಯಾವ ದಿಕ್ಕಿಗೆ, ಎಷ್ಟನೆಯ ಸಾಲಿಗೆ ಅಂತ ಕಟ್ಟುವವರು ಕೆತ್ತಿಕೊಂಡ ಗುರುತು. ‘ಅಂದ್ರೆ ನನ್ನ ಬ್ಲಾಕ್ಸ್ ಥರಾನೇ?’ ಅಂದಳು. ಹೌದು ಪುಟ್ಟಿ, ಹಾಗೇನೇ. ಅಲ್ಲೇ ಕಲ್ಲಿನ ಕಂಬಗಳ ಮೇಲೆ ಸಾಗುವ ಕಲ್ಲಿನ ನೀರ್ಗಾಲುವೆಯೂ ಇದೆ. ‘ನೀರು ಎಲ್ಲಿಂದ ಬರ್ತಿತ್ತು?’ ಅನ್ನುವ ಪ್ರಶ್ನೆ ಬಂತು ನೋಡಿ, ಅಲ್ಲಿಂದ ನಮ್ಮ ಪ್ರವಾಸದ ದಾರಿಯೇ ಬದಲಾಯಿತು.

ಹಂಪಿಯ ಗುಡಿಗಳಿಗೂ ಅರಮನೆ ಆವರಣಕ್ಕೂ ನಡುವೆ ಹಸಿರು ಗದ್ದೆ, ಬಾಳೆತೋಟದ ಕಣಿವೆ ಇದೆಯಲ್ಲ, ಅದನ್ನು ನಾವೆಲ್ಲ ಫೋಟೋದ ಹಿನ್ನೆಲೆಯಾಗಿ ಮಾತ್ರ ನೋಡಿರುತ್ತೇವೆ. ಆ ಹಸಿರಿಗೆ ಕಾರಣ ತುರ್ತಾ ಕಾಲುವೆ. ತುಂಗಭದ್ರೆಗೆ ಅಡ್ಡಲಾಗಿ ಕಲ್ಲಿನ ಒಡ್ಡು ಹಾಕಿ, ಬಂಡೆಗಳ ಸಂದಿಯಲ್ಲಿ ನೀರು ತಿರುಗಿಸಿ ಅರಸರ ಕಾಲದಲ್ಲಿ ಮಾಡಿದ ಕಾಲುವೆ. ಇದೊಂದೇ ಅಲ್ಲ. ರಾಯ, ಬಸವಣ್ಣ, ಬೆಲ್ಲ, ಕಾಳಘಟ್ಟ, ರಾಮಸಾಗರ, ಕಂಪ್ಲಿ, ಆಚೆ ದಡದಲ್ಲಿ ಆನೆಗೊಂದಿ, ಗಂಗಾವತಿ ಕಾಲುವೆಗಳು... ಎಲ್ಲ ಸೇರಿಸಿ ‘ವಿಜಯನಗರ ಕಾಲುವೆಗಳು’ ಅಂತಲೇ ಸರ್ಕಾರದ ದಾಖಲೆಯಲ್ಲಿ ಹೆಸರಿದೆ. ರಾಯ, ಬಸವಣ್ಣ ಕಾಲುವೆಗಳಿಗೆ ಈಗ ನೀರು ಬರುವುದು ತುಂಗಭದ್ರಾ ಅಣೆಕಟ್ಟೆಯಿಂದ. ಇತ್ತೀಚಿನ ವರ್ಷಗಳಲ್ಲಿ ಆಧುನೀಕರಣ ಅಂತ ಕಾಲುವೆಗಳ ಮೈಗೆ ಅಲ್ಲಲ್ಲಿ ಸಿಮೆಂಟೂ ಬಿದ್ದಿದೆ. ಆದರೆ ನೀರು ಹರಿಯುವುದು ನಿಂತಿಲ್ಲ. ರಾಜ್ಯ ಹೋಯಿತು, ಕಾಲುವೆ ಹೋಗಲಿಲ್ಲ.

ಕಾಲುವೆ ಏರಿಯ ಮೇಲೆ ಹುಲ್ಲಿನ ಹೊರೆ ಇಳಿಸಿ ಕೂತಿದ್ದ ಯಜಮಾನರೊಬ್ಬರು ಮೊಮ್ಮಗಳಿಗೆ ಹೇಳಿದ ಮಾತು: ‘ಇದು ರಾಯರ ಕಾಲದ ನೀರವ್ವ. ನಮ್ಮಜ್ಜಗೂ ಇದೇ, ನನಗೂ ಇದೇ, ನನ್ನ ಮೊಮ್ಮಕ್ಕಳಿಗೂ ಇದೇ.’ ಪುಟ್ಟಿ ಚಪ್ಪಲಿ ಬಿಚ್ಚಿ ಕಾಲು ಇಳಿಬಿಟ್ಟು ಕೂತಳು. ಅಷ್ಟು ಹೊತ್ತು ಯಾರು ಒಡೆದ್ರು ಅಂತ ಕೇಳುತ್ತಿದ್ದವಳು ಈಗ ‘ಇದನ್ನ ಯಾರು ರಿಪೇರಿ ಮಾಡ್ತಾರೆ?’ ಅಂತ ಕೇಳಿದಳು.

ನಿಜ ಹೇಳಬೇಕೆಂದರೆ ಇಡೀ ಪ್ರವಾಸದಲ್ಲಿ ನನಗೆ ಬಹಳ ಹಿಡಿಸಿದ ಪ್ರಶ್ನೆ ಅದು. ಯಾಕೆಂದರೆ ಅದಕ್ಕೆ ಉತ್ತರ ಅಲ್ಲೇ ಹತ್ತಿರದಲ್ಲಿತ್ತು. ಸಂಜೆ ಹೊಸಪೇಟೆಗೆ ವಾಪಸ್ಸಾಗಿ, ಒಗ್ಗರಣೆ ಮಂಡಕ್ಕಿ ಮಿರ್ಚಿ ತಿಂದು (ಅಜ್ಜಿಗೆ ಖಾರ ಜಾಸ್ತಿಯಾಯಿತು, ಮೊಮ್ಮಗಳಿಗೆ ಆಗಲಿಲ್ಲ!) ಅಣೆಕಟ್ಟೆಗೆ ಹೋದೆವು. 1945ರಲ್ಲಿ ಅಡಿಗಲ್ಲು ಹಾಕಿ, 1953ರಲ್ಲಿ ಕಾಲುವೆಗೆ ನೀರು ಬಿಟ್ಟ ಅಣೆಕಟ್ಟೆ. ಒಟ್ಟು 33 ಗೇಟು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತು. ತುಂಬಿದ ಜಲಾಶಯ. ಮೂವತ್ತಕ್ಕೂ ಹೆಚ್ಚು ಟಿಎಂಸಿ ನೀರು ಹೊಳೆಗೆ ಹೋಯಿತು. ಹರಿಯುವ ನೀರಿನಲ್ಲೇ, ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಒಂದು ವಾರದೊಳಗೆ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ಬಾಯಿ ಮುಚ್ಚಿದರು. ಮುಂದೆ ಮಳೆ ಬಂದು ಜಲಾಶಯ ಮತ್ತೆ ತುಂಬಿತು. ಆಮೇಲೆ ಎಲ್ಲ 33 ಗೇಟುಗಳನ್ನೂ ಬದಲಿಸಬೇಕು ಅನ್ನುವ ತೀರ್ಮಾನಕ್ಕೆ ಬರಬೇಕಾಯಿತು. ಮೊದಲು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ ಅನ್ನುವುದೂ ಇದೇ ಲೆಕ್ಕದ ಇನ್ನೊಂದು ಸಾಲು.

ಇದೇ ಹೊಸಪೇಟೆಯ ಪಕ್ಕದಲ್ಲಿ ಕೃಷ್ಣದೇವರಾಯ ದೊಡ್ಡ ಕೆರೆ ಕಟ್ಟಿಸುವುದನ್ನು 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ನೋಡಿ ಬರೆದಿದ್ದಾನೆ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ಕೆಲಸ ಮಾಡುತ್ತಿದ್ದರಂತೆ. ಆ ಕೆರೆಯೂ ಎರಡು ಮೂರು ಸಲ ಒಡೆಯಿತಂತೆ. (ನಿಲ್ಲಲಿ ಅಂತ ನರಬಲಿ ಕೊಟ್ಟರು ಅಂತಲೂ ಬರೆದಿದ್ದಾನೆ. ಅದನ್ನು ಮೊಮ್ಮಗಳಿಗೆ ಹೇಳಲಿಲ್ಲ.) ಕಟ್ಟಿದ್ದು ಒಡೆಯುತ್ತದೆ, ಒಡೆದದ್ದನ್ನು ಕಟ್ಟಬೇಕು, ಕಟ್ಟಿದ್ದನ್ನು ದಿನಾ ನೋಡಿಕೊಳ್ಳಬೇಕು. ಚರಿತ್ರೆ ಅಂದರೆ ಇದೂ ಹೌದಲ್ಲವೇ?

ಎರಡನೆಯ ದಿನ ಬಾಡಿಗೆ ಕಾರು ಹಿಡಿದು ಬೆಳಿಗ್ಗೆ ಸಂಡೂರು. ಮಳೆಗಾಲ ಮುಗಿದ ಹೊತ್ತಿನಲ್ಲಿ ಸಂಡೂರನ್ನು ನೋಡದವರು ನೋಡಲೇಬೇಕು. ಬಯಲುಸೀಮೆಯ ನಡುವೆ ಇಂಥ ಹಸಿರು ಬೆಟ್ಟಗಳೇ ಅಂತ ಅನುಮಾನ ಬರುತ್ತದೆ. ಗಾಂಧೀಜಿ 1934ರಲ್ಲಿ ಬಂದಿದ್ದ ಊರು. ಕುಮಾರಸ್ವಾಮಿ ಬೆಟ್ಟ, ನಾರಿಹಳ್ಳದ ನೀರು, ಲಂಬಾಣಿ ಕಸೂತಿ (2010ರಲ್ಲಿ ಜಿಐ ಟ್ಯಾಗ್ ಸಿಕ್ಕಿದ್ದು, ಅಜ್ಜಿ ಒಂದು ಚೀಲ ಕೊಂಡರು). ಒಂದು ತಿರುವು ದಾಟಿದ ಮೇಲೆ ಎದುರಿಗೆ ಹಸಿರೇ ಇಲ್ಲದ ಬೆಟ್ಟ. ಮೆಟ್ಟಿಲು ಮೆಟ್ಟಿಲಾಗಿ ಕಡಿದು ಕೆಂಪು ಮೈ ಬಿಟ್ಟುಕೊಂಡು ನಿಂತಿದೆ. ಹಿಂದಿನ ಸೀಟಿನಿಂದ ಅದೇ ಹಳೆಯ ಪ್ರಶ್ನೆ ಬಂತು. ‘ತಾತ, ಇದನ್ನ ಯಾರು ಒಡೆದ್ರು?’

ಏನು ಹೇಳುವುದು ಹೇಳಿ? ಇದಕ್ಕೆ ಯಾವ ಸುಲ್ತಾನನ ಹೆಸರು ಹೇಳುವ ಹಾಗಿಲ್ಲ. 2005-06ರ ಸುಮಾರಿಗೆ ನೌಕರಿಯ ಮೇಲೆ ಈ ಕಡೆ ಬಂದಾಗ ಕಂಡದ್ದು ನೆನಪಿದೆ. ಮೈಲುಗಟ್ಟಲೆ ಅದಿರು ಲಾರಿಗಳ ಸಾಲು, ಎಲೆ, ಹೆಂಚು, ರೆಪ್ಪೆ ಎಲ್ಲದರ ಮೇಲೂ ಕೆಂಪು ಧೂಳು. ಹೊಲ ಅಡ ಇಟ್ಟು ಟಿಪ್ಪರ್ ತಗೊಂಡವರು ಎಷ್ಟೋ ಜನ. ಚೀನಾದಲ್ಲಿ ಅದಿರಿಗೆ ಬೇಡಿಕೆ, ಇಲ್ಲಿ ಬೆಟ್ಟಕ್ಕೆ ಬುಲ್ಡೋಜರ್. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ಅದೇ ತಿಂಗಳು ಬಳ್ಳಾರಿಯ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿತು. ಮುಂದೆ ವರ್ಷಕ್ಕೆ ಇಷ್ಟೇ ಅಂತ ಮಿತಿ ಹಾಕಿ ಮತ್ತೆ ಶುರುವಾಯಿತು. 2022ರಲ್ಲಿ ಬಳ್ಳಾರಿಯ ಮಿತಿ 35 ದಶಲಕ್ಷ ಟನ್ನಿಗೆ ಏರಿತು. 2024ರಲ್ಲಿ ದೇವದಾರಿಯ ಸುಮಾರು 400 ಹೆಕ್ಟೇರ್ ಕಾಡಿನ ಗಣಿ ಯೋಜನೆ ದೊಡ್ಡ ಸುದ್ದಿಯಾಯಿತು.

ಕಾರಿನ ಡ್ರೈವರ್ ಸಂಡೂರು ಕಡೆಯವನೇ. ನನ್ನ ಮಾತು ಕೇಳಿಸಿಕೊಂಡು ಅಂದ, ‘ಸರ್, ನೀವು ಬೆಂಗ್ಳೂರಿಂದ ಬಂದು ಬೆಟ್ಟ ಹೋತು ಅಂತೀರಿ. ಗಣಿ ಬಂದಾದಾಗ ನಮ್ಮಣ್ಣನ ಲಾರಿ ಮನೆ ಮುಂದ ತುಕ್ಕು ಹಿಡೀತು, ಕಂತು ನಿಲ್ಲಲಿಲ್ಲ.’ ಅವನ ಮಾತಿಗೆ ಎದುರಾಡುವಂತಿಲ್ಲ. ನಾವು ಕೂತ ಕಾರು, ಬಂದ ರೈಲು ಎರಡೂ ಅದಿರೇ. ಸಂಡೂರನ್ನು ಮಕ್ಕಳಿಗೆ ತೋರಿಸಿ ಅಂತ ನಾನು ಹೇಳುವುದು ಗಣಿಯವರನ್ನು ಬೈಯುವುದಕ್ಕಲ್ಲ. ಒಡೆಯುವವರು ಯಾವಾಗಲೂ ಹೊರಗಿನಿಂದ, ಕುದುರೆ ಮೇಲೆ, ಕತ್ತಿ ಹಿಡಿದು ಬರುತ್ತಾರೆ ಅನ್ನುವ ಪಾಠವೊಂದನ್ನೇ ಕಲಿತು ಮಕ್ಕಳು ಬೆಳೆಯಬಾರದು ಅಂತ. ಲೈಸೆನ್ಸ್ ಪಡೆದು, ಸಾಲ ತೆಗೆದು, ಹೊಟ್ಟೆಪಾಡಿಗಾಗಿಯೂ ಒಡೆಯುತ್ತಾರೆ. ಗಣಿಯಿಂದ ಕೆಟ್ಟ ಊರುಗಳನ್ನು ಸರಿಪಡಿಸಲು ಅಂತ ಸುಪ್ರೀಂ ಕೋರ್ಟಿನ ಆದೇಶದ ಮೇಲೆ ಸಾವಿರಾರು ಕೋಟಿ ರೂಪಾಯಿ ಎತ್ತಿಟ್ಟಿದ್ದಾರೆ. ಬೆಟ್ಟವನ್ನು ಅಣೆಕಟ್ಟೆಯ ಗೇಟಿನ ಹಾಗೆ ತಂದು ಕೂರಿಸಲಾಗುವುದಿಲ್ಲ ಅನ್ನುವುದು ಬೇರೆ ಮಾತು.

ಮಧ್ಯಾಹ್ನದ ಮೇಲೆ ಕಂಪ್ಲಿ. ಗೈಡುಗಳ ಪಟ್ಟಿಯಲ್ಲಿ ಕಂಪ್ಲಿ ಇರುವುದಿಲ್ಲ. ಆದರೆ ವಿಜಯನಗರಕ್ಕಿಂತ ಮುಂಚಿನ ಕಥೆ ಬೇಕಾದರೆ ಇಲ್ಲಿಗೇ ಬರಬೇಕು. ದಿಲ್ಲಿಯ ತುಘಲಕ್ ಸುಲ್ತಾನನಿಗೆ ತಿರುಗಿಬಿದ್ದ ಅವನ ಸಂಬಂಧಿಯೇ ಒಬ್ಬ, ಬಹಾವುದ್ದೀನ್ ಗುರ್ಷಾಸ್ಪ್, ಓಡಿ ಬಂದು ಕಂಪಿಲರಾಯನ ಆಶ್ರಯ ಬೇಡಿದ. ರಾಯ ಬಿಟ್ಟುಕೊಡಲಿಲ್ಲ. 1327ರ ಹೊತ್ತಿಗೆ ಕಂಪಿಲನೂ ಹೋದ, ರಾಜ್ಯವೂ ಹೋಯಿತು. ಅವನ ಮಗ ಕುಮಾರರಾಮನ ಕಥೆಯನ್ನು ಜನ ಇನ್ನೂ ಹಾಡುತ್ತಾರೆ. ಹೊಳೆ ದಂಡೆಯ ಕೋಟೆಯ ಹತ್ತಿರ ಕೂತು ಇಷ್ಟು ಹೇಳಿದೆ. ‘ಬೇರೆಯವರಿಗೋಸ್ಕರ ಅಷ್ಟೆಲ್ಲಾ ಮಾಡಿದ್ರಾ?’ ಅಂದಳು ಪುಟ್ಟಿ. ನಮ್ಮವರು, ಅವರು ಅಂತ ಎರಡೇ ಬಣ್ಣದಲ್ಲಿ ಚರಿತ್ರೆ ಹೇಳುವವರಿಗೆ ಈ ಕಥೆ ಸ್ವಲ್ಪ ತೊಡಕೇ. ಊರ ಸುತ್ತ ಭತ್ತ, ಕಬ್ಬು, ಬಾಳೆ. ಅಲ್ಲೂ ಹರಿಯುತ್ತಿದ್ದದ್ದು ಅದೇ ವಿಜಯನಗರ ಕಾಲುವೆಗಳ ನೀರು.

‘ಮಕ್ಕಳಿಗೆ ಇಷ್ಟೆಲ್ಲ ಭಾರ ಯಾಕ್ರೀ, ಆಟ ಆಡಿಕೊಂಡು ಫೋಟೋ ತೆಗೆಸಿಕೊಂಡು ಬರಲಿ’ ಅನ್ನುವವರು ಇದ್ದಾರೆ. ಫೋಟೋ ನಾವೂ ತೆಗೆದೆವು. ಆದರೆ ಬಿಸಿಲಲ್ಲಿ ಇಪ್ಪತ್ತು ಗುಡಿ ಸುತ್ತಿಸುವುದಕ್ಕಿಂತ ಕಾಲುವೆಯಲ್ಲಿ ಕಾಲು ಬಿಟ್ಟು ಕೂರಿಸುವುದು ಭಾರವೇನಲ್ಲ. ಇನ್ನೊಂದು ತೊಡಕು ಜಿಲ್ಲೆಯದು. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹೊಸಪೇಟೆ, ಹಂಪಿ ಈ ಕಡೆ, ಸಂಡೂರು, ಕಂಪ್ಲಿ ಬಳ್ಳಾರಿ ಕಡೆ. ನೀರಿಗೆ, ಧೂಳಿಗೆ ಈ ಗಡಿ ಗೊತ್ತಿಲ್ಲ. ನಮ್ಮ ಪ್ರವಾಸಕ್ಕೂ ಅದು ಬೇಡ.

ನನ್ನ ಸಲಹೆ ಇಷ್ಟೇ. ಹಂಪಿಗೆ ಮಕ್ಕಳನ್ನು ಕರೆದುಕೊಂಡು ಹೋಗುವವರು ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಎರಡು ಗುಡಿ ಕಮ್ಮಿ ನೋಡಿ, ಒಂದು ಕಾಲುವೆ ನೋಡಿ. ಅಣೆಕಟ್ಟೆಯಲ್ಲಿ ಕಾರಂಜಿಯ ಜೊತೆಗೆ 19ನೇ ಗೇಟಿನ ಕಥೆಯನ್ನೂ ಹೇಳಿ. ಸಂಡೂರಿನಲ್ಲಿ ಹಸಿರು ಬೆಟ್ಟ, ಕೆಂಪು ಬೆಟ್ಟ ಎರಡನ್ನೂ ತೋರಿಸಿ. ತುರ್ತಾ ಕಾಲುವೆಯ ಪಕ್ಕದಲ್ಲಿ ‘ಇದು ಇನ್ನೂ ಹರಿಯುತ್ತಿದೆ’ ಅಂತ ಎರಡು ಸಾಲಿನ ಫಲಕ ಹಾಕಿದರೆ ಸರ್ಕಾರಕ್ಕೇನೂ ಹೊರೆಯಾಗದು. ಅಪ್ಪ ಅಮ್ಮಂದಿರಿಗೆ ಬಿಡುವಿಲ್ಲದಿದ್ದರೆ ನಮ್ಮಂಥ ಅಜ್ಜ ಅಜ್ಜಿಯರು ಇದ್ದೇವಲ್ಲ. ಒಡೆದದ್ದನ್ನೂ ಕಂಡಿದ್ದೇವೆ, ಕಟ್ಟಿದ್ದನ್ನೂ ಕಂಡಿದ್ದೇವೆ, ಹೇಳುವುದಕ್ಕೆ ಪುರುಸೊತ್ತೂ ಇದೆ.

ನಿಮ್ಮ ಊರಿನ ಕಡೆಯೂ ಇಂಥದ್ದು ಇದ್ದೇ ಇರುತ್ತದೆ: ಯಾರೂ ಫೋಟೋ ತೆಗೆಯದ, ಆದರೆ ಇನ್ನೂ ಕೆಲಸ ಮಾಡುತ್ತಿರುವ ಹಳೆಯ ಕೆರೆ, ತೂಬು, ಕಟ್ಟೆ. ಯಾವುದು ಅಂತ ಬರೆಯಿರಿ. ಮುಂದಿನ ರಜೆಗೆ ಪುಟ್ಟಿ ಈಗಲೇ ತಯಾರಾಗಿದ್ದಾಳೆ.