ಕೋಟೆಯಲ್ಲಿ ಉಳಿದವರ ಕಥೆ ಯಾರು ಬರೆಯುತ್ತಾರೆ?

ಮೊನ್ನೆ ಕಾಸರಗೋಡಿನಲ್ಲಿ ಒಂದು ಸಂಜೆ, ಇಕ್ಕೇರಿ ನಾಯಕರ ಕಾಲದ ಹೊಸ ಕಾದಂಬರಿಯೊಂದರ ಬಗ್ಗೆ ಅದರ ಲೇಖಕರ ಮಾತು ಇತ್ತು. ನಾವು ಹತ್ತು ಹನ್ನೆರಡು ಜನ ಒಟ್ಟಾಗಿ ಹೋಗಿದ್ದೆವು. ಹಾಲ್ ಮುಕ್ಕಾಲು ತುಂಬಿತ್ತು. ಚಹಾ, ಗೋಳಿಬಜೆ ಇತ್ತು. ತಂದ ಪ್ರತಿಗಳೆಲ್ಲ ಖರ್ಚಾದವು. ಇಲ್ಲಿ ಒಂದು ಕನ್ನಡ ಪುಸ್ತಕಕ್ಕೆ ಇಷ್ಟು ಸಂಭ್ರಮ ಆದದ್ದು ನಮಗೆ ಖುಷಿಯೇ. ಆದರೂ ಎರಡು ಮಾತು ಹೇಳದೆ ಇರಲಾಗುವುದಿಲ್ಲ.

ಲೇಖಕರು ಚೆನ್ನಾಗಿಯೇ ಮಾತಾಡಿದರು. 17ನೇ ಶತಮಾನದಲ್ಲಿ ಶಿವಪ್ಪ ನಾಯಕ ಕರಾವಳಿ ಹಿಡಿದು ದಕ್ಷಿಣಕ್ಕೆ ಇಳಿದದ್ದು, ಬೇಕಲ, ಚಂದ್ರಗಿರಿ ಕೋಟೆಗಳು ಎದ್ದದ್ದು, ಪೋರ್ಚುಗೀಸರ ಜೊತೆಗಿನ ಜಟಾಪಟಿ, ಎಲ್ಲ ಕಣ್ಣಿಗೆ ಕಟ್ಟುವಂತೆ ಹೇಳಿದರು. ಆದರೆ ಕಾದಂಬರಿಯಲ್ಲಿ ಬೇಕಲ ಅಂದರೆ ಬಾವುಟ ಹಾರಿಸಿ ವಾಪಸು ಹೋಗುವ ಕೊನೆಯ ಠಾಣೆ. ಅಲ್ಲಿಂದ ಕಥೆ ಮತ್ತೆ ಬಿದನೂರಿನ ಅರಮನೆಗೆ ತಿರುಗುತ್ತದೆ.

ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ಕೇಳಿದರು: "ಸಾರ್, ನಿಮ್ಮ ಪುಸ್ತಕದಲ್ಲಿ ಸೈನಿಕರೆಲ್ಲ ಊರಿಗೆ ಹೋದ್ರು. ನಾವು ಹೋಗ್ಲಿಲ್ಲ ಅಲ್ವ ಮಾರಾಯ್ರೆ, ಇಲ್ಲೇ ಇದ್ದೇವೆ."

ಸಭೆ ನಕ್ಕಿತು. ಅವರು ನಗಲಿಲ್ಲ. ಅವರು ಹೊಸದುರ್ಗದ ಕಡೆಯವರು. ಕೋಟೆ ಕಾವಲಿಗೆ ಅಂತ ಬಂದ ರಾಮಕ್ಷತ್ರಿಯರ ಮನೆಗಳು ಬೇಕಲ, ಹೊಸದುರ್ಗಗಳಲ್ಲಿ ಇಂದಿಗೂ ಇವೆ, ಮನೆಮಾತು ಇಂದಿಗೂ ಕನ್ನಡ. ಊರಿನ ಹೆಸರೇ ಕನ್ನಡ. ಆದರೆ ಅವರು ಚಂದ್ರಗಿರಿ ಹೊಳೆಯ ಆಚೆ ದಡ. 1967ರ ಮಹಾಜನ ವರದಿ ಕರ್ನಾಟಕಕ್ಕೆ ಸೇರಬೇಕು ಅಂದದ್ದು ಹೊಳೆಯ ಉತ್ತರದ ಭಾಗ ಮಾತ್ರ. ನಮ್ಮ ಭಾಷಣಗಳೂ ಹೆಚ್ಚಾಗಿ ಆ ಹೊಳೆಯ ತನಕವೇ ಹೋಗಿ ನಿಲ್ಲುತ್ತವೆ. ಲೇಖಕರನ್ನು ದೂರುವ ಮೊದಲು ನಾವೂ ಇದನ್ನು ಒಪ್ಪಬೇಕು: ಆ ಹಿರಿಯರ ಮನೆಯ ಕಥೆ ಬರೆದಿಡಲು ನಮ್ಮಲ್ಲಿ ಯಾರು ಹೋಗಿದ್ದೇವೆ?

ಇನ್ನೊಂದು ಸಂಗತಿ. ಮಾತಿನ ನಡುವೆ "ಇದು ಕನ್ನಡಿಗರು ಮಾತ್ರ ಓದಬೇಕಾದ ಪುಸ್ತಕ" ಅಂತ ಯಾರೋ ಅಂದರು, ಚಪ್ಪಾಳೆಯೂ ಬಿತ್ತು. ನಮಗೆ ಹಾಗೆ ಅನ್ನಿಸಲಿಲ್ಲ. ನೀಲೇಶ್ವರದಲ್ಲಿ ಶಾಲೆ ಕಲಿತ ನಿರಂಜನರು ಕಯ್ಯೂರಿನ ರೈತರ ಹೋರಾಟವನ್ನು 'ಚಿರಸ್ಮರಣೆ'ಯಾಗಿ ಬರೆದರು. 1943ರಲ್ಲಿ ಗಲ್ಲಿಗೇರಿದ ಆ ನಾಲ್ವರ ಕಥೆಯನ್ನು ಮಲಯಾಳಿಗಳೂ ಅನುವಾದದಲ್ಲಿ ಓದಿ ತಮ್ಮದಾಗಿಸಿಕೊಂಡರು. ಈ ನೆಲದಲ್ಲಿ ಕನ್ನಡ ಎಷ್ಟು ಹಳೆಯದು ಅಂತ ಪಕ್ಕದ ಮನೆಯವರಿಗೆ ಗೊತ್ತಾಗುವುದು ಜಗಳದಿಂದಲೋ, ಕಾದಂಬರಿಯಿಂದಲೋ? ಈ ಪುಸ್ತಕವೂ ಮಲಯಾಳಕ್ಕೆ ಹೋಗಲಿ.

ಇನ್ನು ಸಮಯದ ವಿಷಯ. ಕಾರ್ಯಕ್ರಮ ಶುರುವಾದದ್ದು ಆರಕ್ಕೆ, ಅದೂ ಸ್ವಾಗತ, ಸನ್ಮಾನ, ಶಾಲು ಎಲ್ಲ ಮುಗಿದು ಲೇಖಕರ ಕೈಗೆ ಮೈಕ್ ಬರುವಾಗ ಏಳು ದಾಟಿತ್ತು. ಅಷ್ಟರಲ್ಲಿ ಕಾಲೇಜಿನ ನಾಲ್ಕು ಹುಡುಗಿಯರು ಎದ್ದು ಹೊರಟರು, ಊರಿನ ಕೊನೆಯ ಬಸ್ಸು ತಪ್ಪುತ್ತದೆ ಅಂತ. ಒಬ್ಬಳ ಕೈಯಲ್ಲಿ ಪ್ರಶ್ನೆ ಬರೆದ ಚೀಟಿ ಇತ್ತು. ಉಳಿದ ನಾವೆಲ್ಲ ಬಹುತೇಕ ತಲೆ ನರೆತವರು, ಸ್ವಂತ ಗಾಡಿ ಇದ್ದವರು. ಕನ್ನಡ ಬಾರದವರನ್ನು ಕನ್ನಡ ಮಾಧ್ಯಮದ ಕ್ಲಾಸಿಗೆ ಹಾಕಿದಾಗ ಬೀದಿಗೆ ಇಳಿಯುವ ನಾವು, ಕನ್ನಡ ಓದುವ ಮಕ್ಕಳಿಗೆ ಲೇಖಕರನ್ನು ನೋಡುವ ಹೊತ್ತು ಕೊಡಲಿಲ್ಲ.

ಲೇಖಕರಿಗೆ ಅಲ್ಲೇ ಹೇಳಿ ಬಂದಿದ್ದೇವೆ. ಇನ್ನೊಮ್ಮೆ ಬನ್ನಿ, ಮಧ್ಯಾಹ್ನ ಎರಡಕ್ಕೆ, ಒಂದು ಶಾಲೆಗೆ. ಶಾಲು ಇಲ್ಲ, ಊಟ ಇದೆ. ಬೆಳಿಗ್ಗೆ ಹೊಸದುರ್ಗದ ಆ ಹಿರಿಯರ ಮನೆಗೆ ನಾವೇ ಕರೆದುಕೊಂಡು ಹೋಗುತ್ತೇವೆ. "ಬರ್ತೇನೆ, ನೋಟ್‌ಬುಕ್ ತರ್ತೇನೆ" ಅಂದರು. ಚೀಟಿಯ ಹುಡುಗಿಗೆ ತಿಳಿಸಬೇಕಿದೆ, ಯಾರಿಗಾದರೂ ಗುರುತಿದ್ದರೆ ನಮಗೆ ಹೇಳಿ.