ಕುಬಸದ ಮನಿ, ಹಳೆ ಬಣ್ಣದ ಪುಡಿ

ಮಗಳ ಕುಬಸ ಬಂತಂದ್ರ ನಾವು ಮೊದಲ ಕರಸೂದು ಬಣ್ಣದವರನ್ನ. ರಾಣೇಬೆನ್ನೂರಿನ ನಮ್ಮ ತಂಗಿ ಮನ್ಯಾಗೂ ಹಂಗ ಆತು. ಅಜ್ಜನ ಕಾಲದ ಬಾಗಲಾ, ಕಿಡಕಿ. ಮ್ಯಾಲ ನಾಕೈದ ಸಲ ಹಚ್ಚಿದ ಆಯಿಲ್ ಪೇಂಟು. ಬಣ್ಣದಾಂವ ಒಣಾ ಪಾಲಿಶ್ ಕಾಗದಲೆ ಗರಗರ ತಿಕ್ಕಾಕತ್ತಿದ್ದ. ಪಡಸಾಲಿ ತುಂಬ ಹಸಿರ ಪುಡಿ. ಏಳ ತಿಂಗಳ ಬಸರಿ ಅಲ್ಲೇ ಕುಂತು ಅವಲಕ್ಕಿ ತಿನ್ನಾಕತ್ತಿದ್ಲು. ಕೆಲಸಾ ನಿಲ್ಲಿಸಿದಾಕಿ ನಾನಽ.

ಹಳೆ ಆಯಿಲ್ ಪೇಂಟಿಗೆ ಸೀಸ ಹಾಕತಿದ್ರು. 90 ಪಿಪಿಎಂಗಿಂತ ಹೆಚ್ಚಿಗಿ ಇರಬಾರದಂತ ನಮ್ಮ ದೇಶದಾಗ ನಿಯಮ ಜಾರಿ ಆಗಿದ್ದು 2017ರ ನವೆಂಬರಿಗೆ. ಬ್ಯಾಡಗಿ ಮೆಣಸಿನಕಾಯಿ ಘಾಟಾದ್ರ ಸೀನು ಬಂದು ಎಚ್ಚರಸತೈತಿ. ಸೀಸದ ಪುಡಿ ಸುಮ್ಮನ ಮೈಯಾಗ ಸೇರತೈತಿ. ತಾಯಿ ರಕ್ತದಿಂದ ಹೊಟ್ಯಾಗಿನ ಕೂಸಿಗೂ ಹೋಗತೈತಿ, ಕೂಸಿನ ಬುದ್ಧಿಗೆ ಪೆಟ್ಟು ಕೊಡತೈತಿ.

ಅದಕ್ಕ ನೋಡ್ರವಾ, ಬಣ್ಣಾ ಗಟ್ಟಿ ಇದ್ರ ಕೆರಸಬ್ಯಾಡ್ರಿ, ಮ್ಯಾಲೆ ಹಚ್ಚಸ್ರಿ. ಹಪ್ಪಳ ಎದ್ದಲ್ಲಿ ಅಷ್ಟ ನೀರ ಹಾಕಿ ಹಸೀದನ್ನ ತಿಕ್ಕಸ್ರಿ. ಬೆಂಕಿ ಹಿಡದು ಸುಡೂದಂತೂ ಬ್ಯಾಡಽ ಬ್ಯಾಡ. ಕಸಬರಗಿ ಬಿಟ್ಟು ಹಸಿ ಅರಬಿಲೆ ಒರಸ್ರಿ. ಪುಡಿ ಹಿತ್ತಲ ಕೊತ್ತಂಬರಿ ಮಡಿಗೆ ಚೆಲ್ಲದ ಚೀಲದಾಗ ಕಟ್ರಿ. ಬಣ್ಣದಾಂವನ ಮನ್ಯಾಗೂ ಮಕ್ಳು ಅದಾವು. ಕೈಕಾಲು ತೊಳದು ಅಂಗಿ ಬದಲಿಸಿ ಹೋಗಂತ ಹೇಳ್ರಿ.

"ಒಂದ ದಿನಾ ಹೆಚ್ಚಿಗಿ ಹಿಡೀತೈತ್ರೀ ಅಕ್ಕಾರ" ಅಂದ. ಹಿಡೀಲಿ, ಪಗಾರ ಕೊಡೋಣು. ಕುಬಸದ ಸೀರಿಗೆ ಸಾವಿರಗಟ್ಲೆ ಸುರಿಯೂ ನಮಗ ಒಂದ ದಿನದ ಪಗಾರ ಭಾರಾಕೈತೇನು?

ತಂಗಿ ಸಿಟ್ಟಾದ್ಲು, ಖರೆ. ಆದ್ರ ಮಗಳನ್ನ ಅವತ್ತ ಸಂಜಿ ಬಸ್ಸಿಗೆ ಹಾವೇರಿಗೆ ಕರಕೊಂಡ ಬಂದೆ. ಬಣ್ಣಾ ಮುಗದು ನೆಲಾ ಎರಡ ಸಲ ಒರಸೂತನಕ ನಮ್ಮನ್ಯಾಗಽ ಇದ್ಲು.