ಬೆಕ್ಕಿನ ಕಿವಿಯ ಗುರುತು

ಜಪಾನಿನ ಹಳೆಯ ನಗರಗಳನ್ನು ನೋಡಲು ಹೋಗುವವರು ದೇವಾಲಯ, ಉದ್ಯಾನ, ಚೆರ್ರಿ ಹೂಗಳ ಜೊತೆಗೆ ಈಚಿನ ವರ್ಷಗಳಲ್ಲಿ ಬೀದಿಬೆಕ್ಕುಗಳನ್ನೂ ಹುಡುಕಿಕೊಂಡು ಅಲೆಯುತ್ತಾರೆ. ಕ್ಯಾಮೆರಾ ಹಿಡಿದು ಓಣಿ ಓಣಿ ಸುತ್ತುವ ಈ ಹವ್ಯಾಸ ಮೇಲುನೋಟಕ್ಕೆ ನಿರುಪದ್ರವಿ. ಆದರೆ ಒಂದು ಊರಿನ ಮೆಟ್ಟಿಲ ಮೇಲೆ ಬೆಕ್ಕು ನಿಶ್ಚಿಂತೆಯಿಂದ ಮಲಗಿರಬೇಕಾದರೆ ಅದರ ಹಿಂದೆ ಯಾರ ದುಡಿಮೆಯಿದೆ, ಅದೇ ಬೆಕ್ಕು ಇನ್ನೊಂದು ನೆಲದಲ್ಲಿ ಏಕೆ ಅಪಾಯಕಾರಿಯಾಗುತ್ತದೆ ಎಂದು ಯೋಚಿಸುವವರು ವಿರಳ. ಹಿರೋಶಿಮಾ ಪ್ರಾಂತ್ಯದ ಒನೊಮಿಚಿಯಲ್ಲಿ ಒಂದು ಹಗಲು ಕಳೆದ ನನಗೆ ಆ ಯೋಚನೆ ಬಂದದ್ದು ತಡವಾಗಿ, ಅದೂ ಒಂದು ತಪ್ಪು ಮಾಡಿದ ಮೇಲೆ.

ಒನೊಮಿಚಿ ಗುಡ್ಡದ ಮೈಗೆ ಅಂಟಿಕೊಂಡ ಊರು. ಕೆಳಗೆ ಸೆತೊ ಒಳಗಡಲು, ಮೇಲೆ ಸೆಂಕೋಜಿ ದೇವಾಲಯ. ನಡುವೆ ಕಲ್ಲುಮೆಟ್ಟಿಲುಗಳು, ಇಬ್ಬರು ಎದುರಾದರೆ ಒಬ್ಬರು ಸರಿದು ನಿಲ್ಲಬೇಕಾದ ಓಣಿಗಳು. 1169ರಲ್ಲಿ ಒಳನಾಡಿನ ಅಕ್ಕಿಯನ್ನು ಹಡಗಿಗೆ ತುಂಬುವ ಬಂದರಾಗಿ ಬೆಳಕಿಗೆ ಬಂದ ಈ ಊರು ಮುಂದೆ ಶತಮಾನಗಳ ಕಾಲ ವ್ಯಾಪಾರದಿಂದ ಬಾಳಿತು. ಅಕ್ಕಿಯಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಬೆಕ್ಕು. ಮನೆಯಲ್ಲಿ ಪತ್ತಾಯ ಕಂಡ ಮಲೆನಾಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡನೆಯ ಮಹಾಯುದ್ಧದ ಬಾಂಬುಗಳಿಂದ ಪಾರಾದ್ದರಿಂದ ಹಳೆಯ ಮರದ ಮನೆಗಳು ಇಂದಿಗೂ ಉಳಿದಿವೆ. ಯಾಸುಜಿರೊ ಓಜು ಅವರ 1953ರ ಪ್ರಸಿದ್ಧ ಚಲನಚಿತ್ರ 'ಟೋಕಿಯೊ ಸ್ಟೋರಿ'ಯ ವೃದ್ಧ ದಂಪತಿಗಳು ಈ ಊರಿನವರೇ.

ಗುಡ್ಡದ ನಡುವೆ ಸುಮಾರು 200 ಮೀಟರ್ ಉದ್ದದ ಓಣಿಯೊಂದಿದೆ. ಜನ ಅದನ್ನು 'ನೆಕೊ ನೊ ಹೊಸೊಮಿಚಿ', ಅಂದರೆ ಬೆಕ್ಕಿನ ಕಿರುದಾರಿ ಎನ್ನುತ್ತಾರೆ. ಕಲಾವಿದ ಶುಂಜಿ ಸೊನೊಯಾಮ ಅವರು 1998ರಿಂದ ಗುಂಡುಕಲ್ಲುಗಳ ಮೇಲೆ ಬೆಕ್ಕಿನ ಮುಖ ಬರೆದು ಅಲ್ಲಲ್ಲಿ ಇಡುತ್ತ ಬಂದದ್ದರಿಂದ ದಾರಿಗೆ ಈ ಹೆಸರು ನಿಂತಿತು. ಮೇಲಿರುವ ನಗರ ಕಲಾ ಸಂಗ್ರಹಾಲಯದೊಳಕ್ಕೆ ನುಗ್ಗಲು ಕಪ್ಪು ಬೆಕ್ಕೊಂದು ಮತ್ತೆ ಮತ್ತೆ ಪ್ರಯತ್ನಿಸುವುದು, ಕಾವಲುಗಾರರು ವಿನಯದಿಂದ ಅದನ್ನು ಹೊರಗೆ ಕಳಿಸುವುದು 2017ರ ಹೊತ್ತಿಗೆ ಲೋಕಪ್ರಸಿದ್ಧವಾಯಿತು. ಊರಿಗೆ ಬರುವವರ ಸಂಖ್ಯೆಯೂ ಹೆಚ್ಚಿತು.

ಆದರೆ ಈ ಬೆಕ್ಕುಗಳಿಗೆ ಅಷ್ಟೊಂದು ನೆರಳು, ಅಷ್ಟೊಂದು ನಿಶ್ಶಬ್ದ ಸಿಕ್ಕಿದ್ದು ಎಲ್ಲಿಂದ? ಗುಡ್ಡದ ಮೇಲಿನ ಮನೆಗಳು ಒಂದೊಂದಾಗಿ ಖಾಲಿಯಾದದ್ದರಿಂದ. ಕಾರು ಬಾರದ ಮೆಟ್ಟಿಲನ್ನು ವಯಸ್ಸಾದವರು ಹತ್ತಲಾರರು. ಮಕ್ಕಳು ಮಹಾನಗರ ಸೇರಿದ್ದಾರೆ. ಮನೆಯ ಮುಂದೆ ಸಾಕಷ್ಟು ಅಗಲದ ರಸ್ತೆಯಿಲ್ಲದಿದ್ದರೆ ಅಲ್ಲಿ ಹೊಸ ಮನೆ ಕಟ್ಟಲು ಜಪಾನಿನ ಕಟ್ಟಡ ಕಾನೂನು ಒಪ್ಪುವುದಿಲ್ಲ. ಹೀಗಾಗಿ ಬಿದ್ದ ಮನೆ ಬಿದ್ದಂತೆಯೇ. 2023ರ ಸರ್ಕಾರಿ ಗಣತಿಯ ಪ್ರಕಾರ ಆ ದೇಶದಲ್ಲಿ ಖಾಲಿ ಬಿದ್ದಿರುವ ಮನೆಗಳು ಸುಮಾರು 90 ಲಕ್ಷ. ಒನೊಮಿಚಿಯ ಕೆಲವು ಉತ್ಸಾಹಿಗಳು ಇಂಥ ಮನೆಗಳನ್ನು ದುರಸ್ತಿ ಮಾಡಿ ಹೊಸ ಒಕ್ಕಲುಗಳಿಗೆ ಒದಗಿಸುವ ಕೆಲಸವನ್ನು ವರ್ಷಗಳಿಂದ ನಡೆಸಿದ್ದಾರೆ. ಪ್ರವಾಸಿಯ ಚಿತ್ರದಲ್ಲಿ ಬೆಕ್ಕು ಮಲಗಿರುವ ಪಾಚಿಗಟ್ಟಿದ ಜಗಲಿ ಬಹಳ ಸುಂದರವಾಗಿ ಕಾಣುತ್ತದೆ. ಆ ಜಗಲಿಯಲ್ಲಿ ಹಿಂದೆ ಕುಳಿತಿರುತ್ತಿದ್ದವರು ಯಾರು ಎಂಬುದು ಚಿತ್ರದಲ್ಲಿ ಬರುವುದಿಲ್ಲ.

ಇನ್ನು ನನ್ನ ತಪ್ಪು. ಕೆಳಗಿನ ಅಂಗಡಿಯಲ್ಲಿ ಕೊಂಡ ಒಣಮೀನಿನ ಪೊಟ್ಟಣ ಬಿಚ್ಚಿ ಮೆಟ್ಟಿಲ ಮೇಲಿದ್ದ ಹಳದಿ ಬೆಕ್ಕಿಗೆ ಹಾಕಿದೆ. ಕ್ಷಣದಲ್ಲಿ ಮತ್ತೆ ನಾಲ್ಕು ಬೆಕ್ಕುಗಳು ಬಂದವು, ಒಂದಕ್ಕೊಂದು ಗುರುಗುಟ್ಟಿದವು. ಅಲ್ಲೇ ಕಸ ಗುಡಿಸುತ್ತಿದ್ದ ವೃದ್ಧೆಯೊಬ್ಬರು ಪೊರಕೆ ನಿಲ್ಲಿಸಿ, ಸಿಟ್ಟಿಲ್ಲದೆ ಏನನ್ನೋ ಹೇಳಿದರು. ಜೊತೆಯಲ್ಲಿದ್ದ, ಭಾಷೆ ಬಲ್ಲ ಗೆಳೆಯ ಅದನ್ನು ತಿಳಿಸಿದ: "ಇವಕ್ಕೆ ಬೆಳಗಿನ ಊಟ ಆಗಿದೆ. ನೀವು ಹಾಕಿ ಹೊರಟುಹೋಗುತ್ತೀರಿ. ಉಳಿದದ್ದನ್ನು ಗುಡಿಸುವವಳು ನಾನು." ಬಳಿಕ ಅವರು ಬೆಕ್ಕಿನ ಕಿವಿಯನ್ನು ತೋರಿಸಿದರು. ಕಿವಿಯ ತುದಿಯಲ್ಲಿ ಚೆರ್ರಿ ಹೂವಿನ ಎಸಳಿನಂತೆ ಸಣ್ಣದೊಂದು ಕತ್ತರಿಸಿದ ಗುರುತಿತ್ತು. ನಾನು ಅದನ್ನು ಜಗಳದ ಗಾಯವೆಂದು ಭಾವಿಸಿದ್ದೆ.

ಅದು ಸಂತಾನಹರಣ ಶಸ್ತ್ರಚಿಕಿತ್ಸೆಯಾಗಿದೆ ಎಂಬುದರ ಗುರುತು. ಮತ್ತೊಮ್ಮೆ ಹಿಡಿದು ಕೊಯ್ಯದಿರಲಿ ಎಂದು ಹಾಗೆ ಕತ್ತರಿಸುತ್ತಾರೆ. ಸಾಮಾನ್ಯವಾಗಿ ಗಂಡಿಗೆ ಬಲಗಿವಿ, ಹೆಣ್ಣಿಗೆ ಎಡಗಿವಿ. ಇಂಥ ಬೆಕ್ಕನ್ನು 'ಚಿಇಕಿ ನೆಕೊ', ಅಂದರೆ ಊರ ಬೆಕ್ಕು ಎಂದು ಕರೆಯುವ ಪದ್ಧತಿ 1990ರ ದಶಕದ ಕೊನೆಯಲ್ಲಿ ಯೊಕೊಹಾಮಾ ನಗರದ ಇಸೊಗೊ ಭಾಗದಲ್ಲಿ ಬೇರೂರಿತು. ಬೆಕ್ಕು ಬೇಕೆನ್ನುವವರೂ ಬೇಡವೆನ್ನುವವರೂ ಕೂಡಿ ಕುಳಿತು ಮಾಡಿಕೊಂಡ ಒಪ್ಪಂದವದು: ಇರುವ ಬೆಕ್ಕು ತನ್ನ ಆಯುಸ್ಸು ಮುಗಿಸಲಿ, ಮರಿ ಹಾಕದಿರಲಿ, ಊಟ ಹೊತ್ತಿಗೆ ಸರಿಯಾಗಿ ಸಿಗಲಿ, ತಟ್ಟೆಯನ್ನೂ ಹೇಲನ್ನೂ ತೆಗೆಯುವ ಹೊಣೆ ಹೊತ್ತವರು ಇರಲಿ. ಸಾಕುಪ್ರಾಣಿಗಳ ಕಾನೂನು ಬಿಗಿಯಾದದ್ದು, ಅನಾಥ ಬೆಕ್ಕುಗಳನ್ನು ದತ್ತು ಕೊಡುವ ಕೆಲಸ ಹಬ್ಬಿದ್ದು ಇದಕ್ಕೆ ಜೊತೆಗೂಡಿದವು. 2004ರಲ್ಲಿ ಜಪಾನಿನ ಸ್ಥಳೀಯ ಆಡಳಿತಗಳು ಕೊಂದ ಬೆಕ್ಕುಗಳು 2 ಲಕ್ಷಕ್ಕೂ ಹೆಚ್ಚು. 2022ರ ಹೊತ್ತಿಗೆ ಆ ಸಂಖ್ಯೆ 10 ಸಾವಿರಕ್ಕಿಂತ ಕೆಳಗಿಳಿದಿತ್ತು. ನೆರೆಹೊರೆಗೆ ತೊಂದರೆಯಾಗುವಂತೆ ಬೀದಿಪ್ರಾಣಿಗಳಿಗೆ ತಿನಿಸು ಹಾಕುವುದನ್ನು ತಡೆಯಲು ಕ್ಯೋಟೋ ನಗರವು 2015ರಲ್ಲಿ ಕಟ್ಟಳೆಯನ್ನೇ ತಂದಿತು.

ಹಾಗಾದರೆ ಕಿವಿ ಕತ್ತರಿಸಿದರೆ ಸಮಸ್ಯೆ ಮುಗಿಯಿತೇ? ಇಲ್ಲ. ಸಂತಾನಹರಣವಾದ ಬೆಕ್ಕೂ ಬೇಟೆಯಾಡುತ್ತದೆ. ಊರೊಳಗೆ ಒಪ್ಪುವ ಈ ಮಾರ್ಗ ಕಾಡಿಗೆ ಒಪ್ಪುವುದಿಲ್ಲ ಎಂಬುದನ್ನು ಟೋಕಿಯೊದಿಂದ 1,000 ಕಿಲೋಮೀಟರ್ ದಕ್ಷಿಣದ ಒಗಸವಾರ ದ್ವೀಪಗಳು ತೋರಿಸಿಕೊಟ್ಟವು. ಭೂಖಂಡಕ್ಕೆ ಎಂದೂ ಅಂಟಿಕೊಂಡಿರದ ಆ ದ್ವೀಪಗಳಲ್ಲಿ ಮನುಷ್ಯ ತರುವವರೆಗೆ ಬೆಕ್ಕೇ ಇರಲಿಲ್ಲ. ಅಲ್ಲಿನ ಹಕ್ಕಿಗಳಿಗೆ ಬೆಕ್ಕಿಗೆ ಹೆದರಿ ಹಾರುವುದು ತಿಳಿದಿರಲಿಲ್ಲ. 2005ರಲ್ಲಿ ಹಹಾಜಿಮಾ ದ್ವೀಪದಲ್ಲಿ, ಕಡಲಹಕ್ಕಿಗಳು ಮರಿ ಮಾಡುವ ತಾಣಕ್ಕೇ ಬೆಕ್ಕು ನುಗ್ಗಿದ್ದು ಸಾಕ್ಷಿಸಹಿತ ಕಂಡುಬಂತು. ಕೊಲ್ಲಬೇಕೆ, ಬಿಡಬೇಕೆ ಎಂಬ ವಾದದ ನಡುವೆ ದ್ವೀಪದವರು ಮೂರನೆಯ ದಾರಿ ಹಿಡಿದರು. ಬೆಕ್ಕನ್ನು ಬೋನಿನಲ್ಲಿ ಹಿಡಿದು ಹಡಗಿನಲ್ಲಿ ಟೋಕಿಯೊಗೆ ಕಳಿಸಿದರು. ಅಲ್ಲಿನ ಪಶುವೈದ್ಯರು ಅದನ್ನು ಪಳಗಿಸಿದರು. ಆಮೇಲೆ ಬಂದ ಬೆಕ್ಕುಗಳಿಗೂ ಇದೇ ದಾರಿಯಾಯಿತು. ಚಿಚಿಜಿಮಾ ದ್ವೀಪದ ಕಾಡಿನಿಂದ ಬೆಕ್ಕುಗಳನ್ನು ತೆಗೆದ ಕೆಲವೇ ವರ್ಷಗಳಲ್ಲಿ, ಅಳಿವಿನಂಚಿಗೆ ಬಂದಿದ್ದ ಕೆಂಪುತಲೆಯ ಕಾಡುಪಾರಿವಾಳ ಮತ್ತೆ ಜನವಸತಿಯ ಬಳಿ ಕಾಣತೊಡಗಿತು.

ಒನೊಮಿಚಿಯ ವೃದ್ಧೆ ಬೆಕ್ಕನ್ನು ಉಳಿಸಿಕೊಂಡರು, ಒಗಸವಾರದವರು ಬೆಕ್ಕನ್ನು ಹೊರಗೆ ಕಳಿಸಿದರು. ಎರಡೂ ಪ್ರೀತಿಯೇ ಎಂದು ನನ್ನ ಭಾವನೆ. ಇಬ್ಬರಿಗೂ ತಾವಿರುವ ನೆಲದ ಸ್ವಭಾವ ತಿಳಿದಿತ್ತು, ಮರುದಿನವೂ ಅಲ್ಲಿಯೇ ಇರಬೇಕಾದವರು ತಾವೆಂಬ ಅರಿವಿತ್ತು. ನನ್ನ ಒಣಮೀನಿಗೆ ಆ ಎರಡೂ ಇರಲಿಲ್ಲ. ದಯೆ ಎಂದು ನಾನು ತಿಳಿದದ್ದು ನನ್ನ ಸಂತೋಷಕ್ಕಾಗಿ ಮಾಡಿದ ಕೆಲಸ. ಅದರ ಖರ್ಚು ಬಿದ್ದದ್ದು ಇನ್ನೊಬ್ಬರ ಪೊರಕೆಯ ಮೇಲೆ.

ನಮ್ಮ ಘಟ್ಟದ ತಿರುವುಗಳಲ್ಲಿ ವಾಹನ ನಿಲ್ಲಿಸಿ ಮಂಗಗಳಿಗೆ ಬಾಳೆಹಣ್ಣು, ಬಿಸ್ಕತ್ತು ಎಸೆಯುವವರನ್ನು ನಾವು ದಿನವೂ ಕಾಣುತ್ತೇವೆ. ಹಾಗೆ ತಿಂದು ಕಲಿತ ಮಂಗ ರಸ್ತೆಯಲ್ಲಿ ಚಕ್ರಕ್ಕೆ ಸಿಕ್ಕುವುದನ್ನು, ತೋಟಕ್ಕೂ ಅಡುಗೆಮನೆಗೂ ನುಗ್ಗುವುದನ್ನು ಕಾಣುವವರೂ ನಾವೇ. ಎಸೆದವರನ್ನು ಬೈದರೆ ಸಾಲದು. ಆ ವೃದ್ಧೆಯಂತೆ ಪೊರಕೆ ನಿಲ್ಲಿಸಿ, ಸಿಟ್ಟಿಲ್ಲದೆ ಎರಡು ಮಾತು ಹೇಳುವುದನ್ನು ನಾವೂ ಕಲಿಯಬೇಕು. ಮನೆಯಲ್ಲಿ ಹೆಚ್ಚಾದ ಬೆಕ್ಕಿನ ಮರಿಗಳನ್ನು ಚೀಲದಲ್ಲಿ ಕಟ್ಟಿ ಕಾಡಿನ ಅಂಚಿಗೆ ಬಿಟ್ಟುಬರುವ ನಮ್ಮ ರೂಢಿಯನ್ನೂ ಪ್ರಶ್ನಿಸಿಕೊಳ್ಳಬೇಕು. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗೆ ಆ ಚೀಲದಲ್ಲಿ ಬರುವುದು ಏನೆಂದು ವಿದ್ಯಾರ್ಥಿ ಮಿತ್ರರು ತಮ್ಮ ಮನೆಯ ಹಿರಿಯರೊಡನೆ ಒಮ್ಮೆ ಕುಳಿತು ಮಾತಾಡಲಿ. ಪಶುವೈದ್ಯರಲ್ಲಿಗೆ ಒಯ್ಯುವ ದಾರಿ ಚೀಲ ಹೊತ್ತು ಕಾಡಿಗೆ ಹೋಗುವ ದಾರಿಗಿಂತ ದೂರವಿರಬಹುದು. ಆದರೂ ನಾವು ನಡೆಯಬೇಕಾದ ದಾರಿ ಅದೇ.